ಕೆಂಗಣ್ಣನನ್ನು ಹುಡುಕುತ್ತಿದ್ದಾರೆ

ಫೆಬ್ರವರಿ 6

ನನ್ನ ಮುದ್ದಿನ ಪಿಟೀಲೇ,

ಎಳೆಯಿರಿ ಪರದೆ! ಊದಿರಿ ಕಹಳೆ! ನಿನ್ನ ದೊಡ್ಡಪ್ಪ ಹೊಸ ಊರಿಗೆ ಕಾಲಿಟ್ಟಾಯಿತು!

ಫೋನು ಮಾಡಬಾರದೇ ಎಂದು ನಿಮ್ಮಮ್ಮ ಗೊಣಗುತ್ತಾಳೆ. ಕೊನೆಯ ಸಾಲಿನ ಕಿವುಡನಿಗೂ ಕೇಳಲೆಂದು ಸಾಕಿ ಬೆಳೆಸಿದ ದನಿಯಮ್ಮಾ ಇದು. ಅಂಗೈಯಗಲದ ಡಬ್ಬಿಯಲ್ಲಿ ಹಿಡಿಸೀತೇ? ಕಾಗದವೇ ಸೈ. ಕಾಗದ ಎಷ್ಟು ಕಿರುಚಿದರೂ ತಡೆದುಕೊಳ್ಳುತ್ತದೆ.

ಡೇರೆಯ ಕಂಬ ನೆಡುವ ಮೊದಲೇ ನನ್ನ ಮುಖ ಊರಿನ ಗೋಡೆ ಏರಿದೆ. ನಮ್ಮ ಕಂಪನಿಯ ಪದ್ಧತಿ ನಿನಗೆ ಗೊತ್ತೇ ಇದೆ. ಆಳೆತ್ತರದ ಹಾಳೆಯಲ್ಲಿ ಖಳನಾಯಕ ಕೆಂಗಣ್ಣನ ಚಿತ್ರ. ಮೇಲೆ ದಪ್ಪಕ್ಷರದಲ್ಲಿ: "ಹುಡುಕುತ್ತಿದ್ದೇವೆ! ಕೆಂಗಣ್ಣ! ಏಳು ಕೊಲೆ, ಮೂರು ದರೋಡೆ, ಒಂದು ರಾಜದ್ರೋಹ! ಕಂಡವರು ಕೂಡಲೇ ತಿಳಿಸಿ!" ಅದರ ಕೆಳಗೆ ಬೇರೆಯಾಗಿ ಅಂಟಿಸುವ ಸಣ್ಣ ಪಟ್ಟಿ: "ಪ್ರತಿ ಸಂಜೆ ಆರಕ್ಕೆ ನಾಟಕದ ಡೇರೆಯಲ್ಲಿ ಸಿಗುತ್ತಾನೆ." ಊರು ಬದಲಾದರೆ ಪಟ್ಟಿ ಮಾತ್ರ ಬದಲು, ಕೊಲೆಗಾರ ಅವನೇ. ಆದರೆ ನಮ್ಮ ಗೇಟಿನವನು ಅಂಟಿನ ವಿಷಯದಲ್ಲಿ ಮಹಾ ಜಿಪುಣ. ಪಟ್ಟಿಗೆ ನಾಲ್ಕು ಮೂಲೆಗೂ ಅಂಟು ಹಚ್ಚುವವನಲ್ಲ. ಗಾಳಿ ಬೀಸಿದರೆ ಪಟ್ಟಿ ಹಾರಿಹೋಗುತ್ತದೆ, ನನ್ನ ಮುಖ ಮಾತ್ರ ವರ್ಷಗಟ್ಟಲೆ ಗೋಡೆ ಬಿಡುವುದಿಲ್ಲ. ನಾವು ಬಿಟ್ಟುಬಂದ ಊರುಗಳಲ್ಲೆಲ್ಲ ನಾನು ಇನ್ನೂ ಕಣ್ಣು ಕೆಕ್ಕರಿಸುತ್ತಿದ್ದೇನೆ!

ದಿನವೂ ನಾಲ್ಕಕ್ಕೆ ಬಣ್ಣ ಹಚ್ಚಿ, ತಮಟೆಯವನನ್ನು ಮುಂದೆ ಬಿಟ್ಟುಕೊಂಡು ಮಾರುಕಟ್ಟೆಯಲ್ಲಿ ಮೆರವಣಿಗೆ. ಮಕ್ಕಳು ಕಿರುಚಿದಷ್ಟೂ ಟಿಕೆಟ್ಟು ಖರ್ಚು.

ನಿನ್ನ ಹೊಸ ಕೆಲಸ ಹೇಗಿದೆ? ರಸ್ತೆಯ ಕ್ಯಾಮೆರಾ ನೋಡುವುದಂತೆ? ಸಿಗ್ನಲ್ ಹಾರಿದವರ ಕಿವಿ ಹಿಂಡು. ನಮ್ಮ ವಂಶದಲ್ಲಿ ಸರ್ಕಾರದ ಕುರ್ಚಿ ಕಂಡವಳು ನೀನೊಬ್ಬಳೇ. ಬೆನ್ನು ನೆಟ್ಟಗೆ ಮಾಡಿ ಕೂತುಕೋ.

ನಿನ್ನ ದೊಡ್ಡಪ್ಪ,
ಏಳು ಕೊಲೆಗಳ ಸರದಾರ


ಫೆಬ್ರವರಿ 15

ದೊಡ್ಡಪ್ಪ,

ನಿಮ್ಮ ಕಾಗದ ಬಿಚ್ಚಿದರೆ ಪಕ್ಕದ ಮನೆಯವರಿಗೂ ಕೇಳಿಸುತ್ತದೇನೋ ಎಂದು ಕಿಟಕಿ ಹಾಕಿಕೊಂಡು ಓದಿದೆ.

ಕೆಲಸ ಚೆನ್ನಾಗಿದೆ. ಉದ್ದನೆಯ ಕೋಣೆ, ಸಾಲಾಗಿ ಪರದೆಗಳು. ಕಿಟಕಿ ಇಲ್ಲ. ಒಳಗೆ ಹೋಗುವಾಗ ಫೋನನ್ನು ಬಾಗಿಲಲ್ಲಿರುವ ಪೆಟ್ಟಿಗೆಯಲ್ಲಿ ಇಟ್ಟು ಹೋಗಬೇಕು. ಹೊರಗೆ ಬಂದ ಮೇಲೂ ಫೋನಿನಲ್ಲಿ ಕೆಲಸದ ಮಾತು ಆಡುವಂತಿಲ್ಲ, ಹಾಗೆಂದು ಪ್ರಮಾಣ ಮಾಡಿಸಿದ್ದಾರೆ. ರಸ್ತೆ ನೋಡುವುದು, ಬಟನ್ ಒತ್ತುವುದು, ಅಷ್ಟೇ. ಪಕ್ಕದ ಕುರ್ಚಿಯಲ್ಲಿ ಒಬ್ಬ ಬಿಕ್ಕಳಿಕೆಯ ಮನುಷ್ಯ ಇದ್ದಾನೆ. ಊಟವಾದ ಮೇಲೆ ಅವನ ಬಿಕ್ಕಳಿಕೆಯೇ ನಮಗೆ ಸಂಗೀತ.

ಎಷ್ಟೊಂದು ಮುಖ ನೋಡುತ್ತೇನೆ ಗೊತ್ತಾ ದೊಡ್ಡಪ್ಪ! ಒಬ್ಬರೂ ನನ್ನನ್ನು ನೋಡುವುದಿಲ್ಲ.

ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳಿ. ಗಂಟಲು ಜೋಪಾನ.

ನಿಮ್ಮ ಪಿಟೀಲು


ಮಾರ್ಚ್ 2

ಕೇಳು ಮಗಳೇ, ಕೇಳು! ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡು ಕೇಳು!

ಮೂವತ್ತು ವರ್ಷ ಈ ಬಣ್ಣ ಹಚ್ಚಿದ್ದಕ್ಕೆ ಇವತ್ತು ಸಾರ್ಥಕವಾಯಿತು. ಮಾರುಕಟ್ಟೆಯಲ್ಲಿ ಮೆರವಣಿಗೆ ಹೊರಟಿದ್ದೆ. ಬಟ್ಟೆ ಅಂಗಡಿಯ ಮುಂದೆ ನಿಂತು "ಎಲವೋ ರಾಜಕುಮಾರಾ!" ಎಂದು ಬಾಯಿ ತೆರೆದಿದ್ದೇ ತಡ, ಒಂದು ಜೀಪು ಬಂದು ನಿಂತಿತು. ನಾಲ್ವರು ಪೊಲೀಸರು ಇಳಿದರು. ಒಬ್ಬ ಕೈಯಲ್ಲಿದ್ದ ಯಂತ್ರ ನೋಡಿದ, ನನ್ನ ಮುಖ ನೋಡಿದ, "ಇವ್ನೇ ಕಣ್ರೋ ಕೆಂಗಣ್ಣ!" ಎಂದ.

ಪರಿಚಯ ಮಾಡಿಕೊಡದೆ, ಟಿಕೆಟ್ಟು ಕೊಳ್ಳದೆ, ಪೊಲೀಸಿನವರೇ ಗುರುತು ಹಿಡಿದರು! ಅಂಗಡಿಯವರೆಲ್ಲ ಎದ್ದು ನಿಂತರು. ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಠಾಣೆಗೇ ಕರೆದೊಯ್ದರು. ತಮಟೆಯವನು ಹಿಂದಿನಿಂದ ಬಾರಿಸುತ್ತಾ ಓಡಿಬಂದ ನೋಡು, ಅದೊಂದು ದೃಶ್ಯ! ಠಾಣೆಯಲ್ಲಿ ಫೋಟೋ ತೆಗೆದರು. ಎದುರಿನಿಂದ, ಎಡದಿಂದ, ಬಲದಿಂದ. ಆಮೇಲೆ ಮುಖ ತೊಳೆಸಿ, ಬಣ್ಣವಿಲ್ಲದ್ದೂ ತೆಗೆದರು. "ಯಾಕ್ರಯ್ಯಾ?" ಎಂದೆ. "ಎರಡೂ ಇರ್ಲಿ" ಎಂದರು. ನನ್ನ ಬರಿ ಮುಖವನ್ನು ಇಷ್ಟು ಮುತುವರ್ಜಿಯಿಂದ ನೋಡಿದವರು ನಿನ್ನ ದೊಡ್ಡಮ್ಮನ ನಂತರ ಇವರೇ.

ಸ್ವಲ್ಪ ಕಾಯಿಸಿದರು, ಯಾವ ಠಾಣೆಯಲ್ಲೂ ನನ್ನ ಕೊಲೆಗಳ ಲೆಕ್ಕ ಸಿಗಲಿಲ್ಲವಂತೆ, ಬಿಟ್ಟರು. ನಾಟಕ ತಡವಾಗಿ ಶುರುವಾಯಿತು, ಕಂಪನಿಯ ಯಜಮಾನ ಸಿಡಿಮಿಡಿ ಮಾಡಿದ. ಮಾಡಲಿ! ಕೀರ್ತಿ ಅನ್ನುವುದು ಗಡಿಯಾರ ನೋಡಿಕೊಂಡು ಬರುತ್ತದೆಯೇ?

ಕೀರ್ತಿಶಾಲಿ ದೊಡ್ಡಪ್ಪ


ಮಾರ್ಚ್ 6

ದೊಡ್ಡಪ್ಪ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಸದ್ಯಕ್ಕೆ ಬಣ್ಣ ಹಚ್ಚಿಕೊಂಡು ಬೀದಿಗೆ ಇಳಿಯಬೇಡಿ. ಗೋಡೆಗೆ ಕೆಂಗಣ್ಣನ ಹಾಳೆ ಅಂಟಿಸಬೇಡಿ ಎಂದು ಯಜಮಾನರಿಗೆ ಹೇಳಿ. ಯಾರು ಕೇಳಿದರೂ ಬರಿ ಮುಖದ ಫೋಟೋ ಕೊಡಬೇಡಿ. ಕೊಟ್ಟಾಗಿದೆ, ಗೊತ್ತು. ಇನ್ನು ಕೊಡಬೇಡಿ.

ಯಾಕೆ ಎಂದು ಕೇಳಬೇಡಿ. ನಾನು ಹೇಳಿದೆ ಅಂತ ಕೇಳಿ.

ಪಿಟೀಲು


ಮಾರ್ಚ್ 17

ಚಿರಂಜೀವಿ ಮಗಳಿಗೆ ಆಶೀರ್ವಾದ.

ಕಾಗದ ತಲುಪಿತು. ಅರ್ಥವಾಯಿತು. ಸರ್ಕಾರಿ ಕುರ್ಚಿಯಲ್ಲಿ ಕೂತವಳಿಗೆ, ಮುಖಕ್ಕೆ ಮಸಿ ಬಳಿದುಕೊಂಡು ಬೀದಿಯಲ್ಲಿ ಕೂಗುವ ದೊಡ್ಡಪ್ಪ ಇರುವುದು ಕಷ್ಟವೇ. ಮದುವೆಯ ಮಾತುಕತೆ ಏನಾದರೂ ನಡೆದಿದ್ದರೆ ಹುಡುಗನ ಕಡೆಯವರಿಗೆ ನಾನು ಜವಳಿ ವ್ಯಾಪಾರಿ ಎಂದು ಹೇಳು. ನಾನು ಎದುರು ಬಂದು ಸುಳ್ಳು ಮಾಡುವುದಿಲ್ಲ.

ಬೀದಿಗೆ ಇಳಿಯಬೇಡ ಎಂದೆಯಲ್ಲ, ಅದೊಂದು ಆಗದು. ನನಗೆ ಬೇರೆ ಕಸುಬು ಬರುವುದಿಲ್ಲ.

ಇಂತಿ,
ಒಬ್ಬ ಖಳನಟ


ಮಾರ್ಚ್ 23

ದೊಡ್ಡಪ್ಪ,

ಜವಳಿ ವ್ಯಾಪಾರಿಯಂತೆ! ನಿಮ್ಮ ಬಾಯಿಗಿಷ್ಟು! ಯಾವ ಹುಡುಗನೂ ಇಲ್ಲ, ಅವನ ಕಡೆಯವರೂ ಇಲ್ಲ.

ನನಗೆ ನಾಲ್ಕು ವರ್ಷವಿದ್ದಾಗ ಮೊದಲ ಸಲ ನಿಮ್ಮನ್ನು ಬಣ್ಣದಲ್ಲಿ ನೋಡಿ ಕಿರುಚಿದ್ದೆನಲ್ಲ, ಅವತ್ತಿನಿಂದಲೇ ಅಲ್ಲವೇ ನಾನು ಪಿಟೀಲು ಆದದ್ದು? ನೀವು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈಗೆ ಎಣ್ಣೆಬಟ್ಟೆ ಕೊಟ್ಟು, "ಒರೆಸು ನೋಡೋಣ, ಒಳಗೆ ಯಾರಿದ್ದಾರೆ" ಎಂದಿರಿ. ಹುಬ್ಬು ಹೋಯಿತು, ಮೀಸೆ ಹೋಯಿತು, ಕೆಂಪು ಹೋಯಿತು. ಕೊನೆಗೆ ನೀವು ಉಳಿದಿರಿ. ಆ ಎಣ್ಣೆಯ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ನಾಚಿಕೆಪಡುವ ಮುಖವಲ್ಲ ಅದು ನನಗೆ.

ಹೇಳಲಾಗದ್ದು ಒಂದಿದೆ, ಅಷ್ಟೇ. ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ಪಿಟೀಲೇ


ಏಪ್ರಿಲ್ 19

ಮಗಳಿಗೆ,

ಕ್ಷೇಮ. ಸ್ವಲ್ಪ ನೆಗಡಿ. ಎರಡು ದಿನ ರಂಗದ ಮೇಲೆ ಹೋಗಲಿಲ್ಲ. ಕೆಂಗಣ್ಣನ ಪಾತ್ರವನ್ನು ಸದ್ಯಕ್ಕೆ ಯಜಮಾನನ ಭಾವಮೈದ ಮಾಡುತ್ತಿದ್ದಾನೆ. ಚೆನ್ನಾಗಿಯೇ ಮಾಡುತ್ತಾನೆ. ನಾನು ಟಿಕೆಟ್ಟು ಹರಿಯುತ್ತೇನೆ. ಹೊರಗೆ ಹೆಚ್ಚು ಓಡಾಡುವುದಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ದೊಡ್ಡಪ್ಪ


ಏಪ್ರಿಲ್ 23

ದೊಡ್ಡಪ್ಪ,

ನಿಮ್ಮ ಕಾರ್ಡಿನಲ್ಲಿ ಒಂದೇ ಒಂದು ಆಶ್ಚರ್ಯಸೂಚಕ ಇಲ್ಲ. ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಜ್ವರದಲ್ಲಿ ನಡುಗುತ್ತಲೇ ಮೂರು ಅಂಕ ಮುಗಿಸಿದವರಿಗೆ ನೆಗಡಿಯೇ? ಯಜಮಾನರ ಭಾವಮೈದ ಚೆನ್ನಾಗಿ ಮಾಡುತ್ತಾನೆಯೇ? ನೀವು ಹಾಗೆ ಬರೆದ ಮೇಲೆ ನನಗೆ ಊಟ ಹೇಗೆ ಸೇರಬೇಕು?

ಮತ್ತೆ ಹಿಡಿದರು, ಅಲ್ಲವೇ? ಈ ಸಲ ಬಣ್ಣವಿಲ್ಲದಾಗ.

ಇನ್ನು ಮುಚ್ಚಿಡಲಾರೆ. ನಾನು ನೋಡುವುದು ಸಿಗ್ನಲ್ ಹಾರಿದವರನ್ನಲ್ಲ. ಹತ್ತಾರು ಊರುಗಳ ಬೀದಿ ಕ್ಯಾಮೆರಾಗಳಲ್ಲಿ ಕಂಡ ಮುಖಗಳನ್ನು ಒಂದು ಯಂತ್ರ ಅಪರಾಧಿಗಳ ಪಟ್ಟಿಯ ಜೊತೆ ತಾಳೆ ಹಾಕುತ್ತದೆ. ಕೃತಕ ಬುದ್ಧಿ ಅನ್ನುತ್ತಾರಲ್ಲ, ಅದು. ಹೋಲಿಕೆ ಕಂಡರೆ ನಮ್ಮ ಪರದೆಗೆ ಕಳಿಸುತ್ತದೆ. ನಾವು 'ಹೌದು' ಅಥವಾ 'ಅಲ್ಲ' ಒತ್ತಬೇಕು. ಹೌದು ಎಂದರೆ ಹತ್ತಿರದ ಜೀಪಿಗೆ ಸುದ್ದಿ ಹೋಗುತ್ತದೆ. ಪಕ್ಕದಲ್ಲೇ 'ಕಾರಣ' ಎಂದು ಒಂದು ಖಾಲಿ ಜಾಗವಿದೆ. ಖಾಲಿ ಬಿಟ್ಟರೆ ಬಟನ್ ಕೆಲಸ ಮಾಡುವುದಿಲ್ಲ. ಅದಕ್ಕೆ ಎಲ್ಲರೂ ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಅಷ್ಟೊಂದು ಮುಖ ಸಾಲುಗಟ್ಟಿ ನಿಂತಿರುವಾಗ ಬರೆಯುತ್ತಾ ಕೂರುವವರು ಯಾರು?

ಗೋಡೆಯ ಮೇಲಿನ 'ಹುಡುಕುತ್ತಿದ್ದೇವೆ' ಹಾಳೆಗಳನ್ನೂ ಆ ಯಂತ್ರ ತಾನೇ ಓದಿ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ನಿಮ್ಮ ಗೇಟಿನವರ ಅಂಟು ಬಿಟ್ಟಿತು, ಕೆಳಗಿನ ಕಾಗದದ ಪಟ್ಟಿ ಹಾರಿತು, ಕೆಂಗಣ್ಣ ಉಳಿದ. ಏಳು ಕೊಲೆ, ಮೂರು ದರೋಡೆ, ಒಂದು ರಾಜದ್ರೋಹ. ಯಂತ್ರಕ್ಕೆ ನಾಟಕ ಗೊತ್ತಿಲ್ಲ ದೊಡ್ಡಪ್ಪ.

ನಿಮ್ಮನ್ನು ಮೊದಲ ಸಲ ಜೀಪು ಹತ್ತಿಸಿದ್ದಕ್ಕೆ ಒಂದು ದಿನ ಮುಂಚೆ ನೀವು ನನ್ನ ಪರದೆಯ ಮೇಲೆ ಬಂದಿರಿ. ಯಂತ್ರ ಹುಬ್ಬು ನೋಡಿತು. ನೀವು ಎಂದಿನಂತೆ ಮಾತಿಗೆ ಮೊದಲು ಎಡಗಿವಿ ಮುಟ್ಟಿಕೊಂಡದ್ದನ್ನು ನಾನು ನೋಡಿದೆ. ನಗು ಬಂತು. 'ಅಲ್ಲ' ಒತ್ತಿದೆ. ಬಂಧುಗಳ ಮುಖ ಬಂದರೆ ಮೇಲ್ವಿಚಾರಕಿಗೆ ತಿಳಿಸಬೇಕೆಂಬ ನಿಯಮವಿದೆ. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ, ಹೆದರಿ ಎಲ್ಲರಂತೆ ಚುಕ್ಕೆ ಇಟ್ಟೆ. ಮರುದಿನ ಅದೇ ಮುಖ ಬಿಕ್ಕಳಿಕೆಯವನ ಪರದೆಗೆ ಬಂತು. ನನ್ನ ಚುಕ್ಕೆ ಅವನಿಗೇನು ಹೇಳೀತು? ಅವನು 'ಹೌದು' ಒತ್ತಿದ. "ನಟ" ಎಂದು ಎರಡಕ್ಷರ ಬರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಠಾಣೆಯಲ್ಲಿ ತೆಗೆದ ಬರಿ ಮುಖದ ಫೋಟೋವನ್ನೂ ಕೆಂಗಣ್ಣನ ಹೆಸರಿನಲ್ಲೇ ಸೇರಿಸಿದ್ದಾರೆ. ಬಣ್ಣವಾದರೆ ತೊಳೆಯಬಹುದಿತ್ತು.

ಈಗ ಕೇಳಿ. ಪಟ್ಟಿಯಲ್ಲಿ ಇದ್ದೀರಿ ಎಂದು ಯಾರೂ ತಾವಾಗಿ ಹೇಳುವುದಿಲ್ಲ. ಆದರೆ "ನನ್ನನ್ನು ಯಾಕೆ ಹಿಡಿದಿರಿ" ಎಂದು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ. ಕೇಳಿದರೆ ವಿಚಾರಣೆ ನಡೆಸಲೇಬೇಕು. ಹಾಗೆ ಕೇಳಬಹುದು ಎಂದು ಗೊತ್ತಿಲ್ಲದ್ದರಿಂದ ಯಾರೂ ಕೇಳುವುದಿಲ್ಲ. ನೀವು ಕೇಳಿ. ನನ್ನ ಹೆಸರು ಹೇಳಬೇಕಾಗಿ ಬಂದರೆ ಹೇಳಿಬಿಡಿ.

ನಿಮ್ಮ ಪಿಟೀಲು


ಮೇ 20

ಎಳೆಯಿರಿ ಪರದೆ!!!

(ಮೂರು ಹಾಕಿದ್ದೇನೆ. ಬಾಕಿ ತೀರಿತು.)

ಮಗಳೇ, ನೆಗಡಿ ಸುಳ್ಳು. ಬೆಳಿಗ್ಗೆ ಹಲ್ಲುಪುಡಿ ತರಲು ಹೋದವನನ್ನು ಹಿಡಿದು ಮಾರನೆಯ ದಿನದವರೆಗೂ ಬೆಂಚಿನ ಮೇಲೆ ಕೂರಿಸಿದರು. ಬಣ್ಣ ಇಲ್ಲದ ನನ್ನನ್ನು "ಏಯ್ ಕೆಂಗಣ್ಣ" ಎಂದು ಕರೆದರು. ನಾನು ತಿರುಗಿ ನೋಡಿಬಿಟ್ಟೆ ಕಣಮ್ಮಾ. ಅದೇ ತಪ್ಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು ನನ್ನ ಕಥೆ. ನಿನಗೆ ಬರೆಯಲು ಮನಸ್ಸಾಗಲಿಲ್ಲ. ಮೊದಲ ಸಲ ಅದನ್ನು ಕೀರ್ತಿ ಎಂದು ಬರೆದೆನಲ್ಲ, ಆಗಲೂ ಒಳಗೊಳಗೆ ಕಾಲು ನಡುಗಿತ್ತು. ಕೀರ್ತಿ ಎಂದು ಕೂಗಿದರೆ ನಡುಕ ಕೇಳಿಸುವುದಿಲ್ಲ ಎಂದುಕೊಂಡೆ.

ನೀನು ಹೇಳಿದಂತೆ ಬರೆದು ಕೊಟ್ಟೆ. ನಿನ್ನೆ ವಿಚಾರಣೆ. ಉದ್ದ ಮೇಜು, ನೀರಿನ ಹೂಜಿ, ಮೂರು ಕಾಲಿನ ಮೇಲೆ ಒಂದು ಕ್ಯಾಮೆರಾ. ಅಧ್ಯಕ್ಷನ ಕುರ್ಚಿಯಲ್ಲಿ ನುಣ್ಣಗೆ ಬೋಳಿಸಿಕೊಂಡ ತೆಳ್ಳನೆಯ ಅಧಿಕಾರಿ. ಪಕ್ಕದಲ್ಲಿ ಯಂತ್ರ ನೋಡಿಕೊಳ್ಳುವ ಮೇಡಂ, ಆ ಕಡೆ ಗುಮಾಸ್ತ.

"ಪಟ್ಟೀಲಿ ಇದೀರಿ ಅಂತ ನಿಮಗೆ ಹೇಳಿದ್ಯಾರು?" ಎಂದ ಅಧಿಕಾರಿ.

"ಸ್ವಾಮಿ, ಹೋದ ಹೋದ ಊರಲ್ಲೆಲ್ಲ ಜೀಪು ಹತ್ತಿಸ್ತೀರಿ. ಇನ್ನೂ ಯಾರಾದ್ರೂ ಬಂದು ಹೇಳ್ಬೇಕಾ?"

(ನಿನ್ನ ಹೆಸರು ನನ್ನ ಹೊಟ್ಟೆಯಲ್ಲೇ ಇದೆ. ಅಲ್ಲಿಂದ ಯಾವ ಪೊಲೀಸನೂ ಈಚೆಗೆ ಎಳೆಯಲಾರ.)

"ಯಂತ್ರ ಸುಮ್ಸುಮ್ನೆ ಹೇಳಲ್ಲ ರೀ" ಎಂದರು ಮೇಡಂ. "ನೂರಕ್ಕೆ ತೊಂಬತ್ತೊಂದು ಹೋಲಿಕೆ ಇದೆ."

"ಉಳಿದ ಒಂಬತ್ತರಲ್ಲಿ ನಾನಿದೀನಿ ತಾಯಿ. ಅಲ್ಲೊಂಚೂರು ಹುಡುಕಿ."

ಯಾರೂ ನಗಲಿಲ್ಲ. ನನ್ನ ಬಣ್ಣದ ಪೆಟ್ಟಿಗೆ ಮೇಜಿನ ಮೇಲಿಟ್ಟೆ. "ಕೆಂಗಣ್ಣ ಹುಟ್ಟೋದು ಈ ಪೆಟ್ಟಿಗೇಲಿ. ನನಗೆ ಮುಂಚೆ ನನ್ನ ಗುರುಗಳು ಇದೇ ಮುಖ ಹಾಕ್ತಿದ್ರು, ಅವರಿಗೆ ಮುಂಚೆ ಅವರ ಗುರುಗಳು. ಯಾರಾದ್ರೂ ಒಬ್ರು ಮುಖ ಕೊಡಿ, ತೋರಿಸ್ತೀನಿ" ಎಂದೆ.

ಗುಮಾಸ್ತ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದ. ಮೇಡಂ, "ನನಗೆ ಮೀಸೆ ಬೇಡ" ಎಂದರು. ಆಗ ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಶಾಲೇಲಿ ಒಂದ್ ಸಲ ಸೈನಿಕನ ಪಾರ್ಟ್ ಮಾಡಿದ್ದೆ. ಮಾತಿರ್ಲಿಲ್ಲ" ಎಂದು ಕನ್ನಡಕ ತೆಗೆದ!

ಮೂಗಿಗೆ ಮೇಣ, ಹುಬ್ಬಿಗೆ ಕಪ್ಪು, ಕಣ್ಣಂಚಿಗೆ ಕೆಂಪು, ಕೆನ್ನೆಯ ಮೇಲೆ ಗೋಂದಿನ ಗಾಯ, ಕೊನೆಗೆ ಮೀಸೆ. ಆಮೇಲೆ ಅವನನ್ನು ಕ್ಯಾಮೆರಾ ಮುಂದೆ ಕೂರಿಸಿದೆ.

ಟಣ್ ಎಂದಿತು! ಮೇಡಂ ಮುಂದಿದ್ದ ಪರದೆ ಕೆಂಪಾಯಿತು! "ಕೆಂಗಣ್ಣ. ನೂರಕ್ಕೆ ಎಂಬತ್ತೆಂಟು." ಮೇಡಂ ಕಣ್ಣು ಪಿಳಿಪಿಳಿ ಬಿಟ್ಟರು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ಇಬ್ಬರು ಕಾವಲಿನವರು ನುಗ್ಗಿದರು. ಎಲ್ಲೋ ಯಾರೋ 'ಹೌದು' ಒತ್ತಿದ್ದಾರೆ! ಸೀದಾ ಹೋಗಿ ಅಧಿಕಾರಿಯ ತೋಳು ಹಿಡಿದರು.

"ಏಳೋ ಮೇಲೆ!"

"ಅಯ್ಯೋ, ನಾನು ಕಣಯ್ಯಾ! ನಿಮ್ಮ ಸಾಹೇಬ!"

"ಎಲ್ರೂ ಹೀಗೇ ಹೇಳೋದು, ನಡಿ."

ಗುಮಾಸ್ತ ಕಿರುಚಾಡಿ ಬಿಡಿಸಬೇಕಾಯಿತು. ನಗಬೇಕಾದದ್ದು ನಾನು. ನಗು ಬರಲಿಲ್ಲ. ಅಧಿಕಾರಿ ತೋಳು ಉಜ್ಜಿಕೊಳ್ಳುತ್ತಾ ನನ್ನ ಮುಖ ನೋಡಿದ. ಅಲ್ಲಿಯವರೆಗೂ ಅವನು ನೋಡುತ್ತಿದ್ದದ್ದು ಬರಿ ಕಡತವನ್ನು. "ಈ ಮನುಷ್ಯನ ವಿಷಯದಲ್ಲಿ ಏನೇನು ಕಾರಣ ಬರೆದಿದ್ದಾರೆ, ಓದಯ್ಯಾ" ಎಂದು ಗುಮಾಸ್ತನಿಗೆ ಹೇಳಿದ.

"ಚುಕ್ಕೆ, ಸಾರ್."

"ಆಮೇಲೆ?"

"ಚುಕ್ಕೆ. ಇಲ್ಲೊಂದು 'ಅಲ್ಲ' ಇದೆ ಸಾರ್. ಅದಕ್ಕೂ ಚುಕ್ಕೆ."

ನಾನು ಎಡಗಿವಿ ಮುಟ್ಟಿಕೊಂಡೆ. ನಂತರ, ಡೇರೆಯ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಹೇಳಿದೆ: "ಸ್ವಾಮಿ, ನಾಟಕದಲ್ಲಿ ಖಳನನ್ನ ಕೊಲ್ಲೋಕೆ ಮುಂಚೆ ಅವನು ಮಾಡಿದ್ದೇನು ಅಂತ ಒಂದು ಮಾತು ಹೇಳ್ತಾರೆ. ಅವನಿಗೂ ಒಂದು ಮಾತು ಆಡೋಕೆ ಬಿಡ್ತಾರೆ. ನನಗೆ ಅಷ್ಟಾದ್ರೂ ಬೇಡ್ವಾ?"

ಅಧಿಕಾರಿ ಮೀಸೆ ಕೀಳಲು ಹೋದ, ಬರಲಿಲ್ಲ. ನಾನೇ ಎಣ್ಣೆಬಟ್ಟೆ ಕೊಟ್ಟು ಒರೆಸಿಕೊಟ್ಟೆ.

ತೀರ್ಪು ಅರ್ಧ ಸಿಹಿ. ಕೆಂಗಣ್ಣನ ಮುಖ ಅಲ್ಲೇ ಪಟ್ಟಿಯಿಂದ ಹೋಯಿತು. ನನ್ನ ಬರಿ ಮುಖದ ಕಡತ ಬೇರೆ ಇಲಾಖೆಯದಂತೆ, ತೆಗೆಯಲು ತಿಂಗಳುಗಳು ಬೇಕಂತೆ. ಏಳು ಕೊಲೆ ಮಾಡಿದವನು ಖುಲಾಸೆ, ಹಲ್ಲುಪುಡಿ ಕೊಂಡವನು ಇನ್ನೂ ಆರೋಪಿ! ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಪತ್ರ ಕೊಟ್ಟಿದ್ದಾರೆ. ಹುಟ್ಟಿನಿಂದ ಹೊತ್ತ ಮುಖಕ್ಕೆ ಇನ್ನು ಮುಂದೆ ಚೀಟಿ ತೋರಿಸಬೇಕು.

ಯಜಮಾನ ಪಾತ್ರ ವಾಪಸ್ಸು ಕೊಟ್ಟ. ಭಾವಮೈದ ಕೆಂಗಣ್ಣನ ಬಾಯಲ್ಲಿ "ದಯವಿಟ್ಟು ಶರಣಾಗಿ" ಎನ್ನುತ್ತಿದ್ದನಂತೆ. ಗೇಟಿನವನು ಈಗ ಪಟ್ಟಿಗೆ ಬಕೆಟ್ಟುಗಟ್ಟಲೆ ಅಂಟು ಸುರಿಯುತ್ತಾನೆ.

ಮುಂದಿನ ತಿಂಗಳು ನಿನ್ನ ಊರಲ್ಲೇ ಡೇರೆ. ಬರಲೇ ಎಂದು ಕೇಳುತ್ತಿಲ್ಲ. ಬರುತ್ತಿದ್ದೇನೆ!

ನಿನ್ನ ದೊಡ್ಡಪ್ಪ,
ಸದ್ಯಕ್ಕೆ ನೂರಕ್ಕೆ ಒಂಬತ್ತು


ಜೂನ್ 21

ದೊಡ್ಡಪ್ಪ,

ಇದನ್ನು ಚಹಾ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ, ಇವತ್ತು ನಾನೇ ತರುತ್ತೇನೆ. ಆದರೂ ಬರೆಯಬೇಕು. ಎದುರು ನಿಂತರೆ ನೀವು ಮಾತಾಡಲು ಬಿಡುವುದಿಲ್ಲ.

ಮಧ್ಯಾಹ್ನ ನೀವು ಬಂದಿರಿ. ಬಸ್ ನಿಲ್ದಾಣದ ಎದುರಿನ ಕ್ಯಾಮೆರಾ. ಬಣ್ಣವಿಲ್ಲ, ಕಂಕುಳಲ್ಲಿ ಪೆಟ್ಟಿಗೆ, ಈ ಬಿಸಿಲಿನಲ್ಲೂ ಮಫ್ಲರ್. ಎಷ್ಟೋ ಪರದೆಗಳಿರುವಾಗ ನನ್ನದಕ್ಕೇ ಬರಬೇಕೇ! ಟಣ್ ಎಂದಿತು. ನೂರಕ್ಕೆ ತೊಂಬತ್ತೇಳು. ಹೌದು, ಅಲ್ಲ, ಕಾರಣ.

ಆಟೋದವನ ಹತ್ತಿರ ಏನೋ ಕೇಳಲು ಹೊರಟಿರಿ. ಬಾಯಿ ತೆರೆಯುವ ಮೊದಲು ಕೈ ಕಿವಿಗೆ ಹೋಯಿತು.

'ಅಲ್ಲ' ಒತ್ತಿದೆ. ಕಾರಣದ ಜಾಗದಲ್ಲಿ ಬರೆಯತೊಡಗಿದೆ. ಹಿಂದೆ ಇನ್ನೂ ಮುಖಗಳು ಬಂದು ನಿಂತವು, ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಮೇಲ್ವಿಚಾರಕಿ ಎದ್ದು ಬಂದರು.

"ಏನಮ್ಮಾ ಇದು, ಕಥೆ ಬರೀತಾ ಇದೀಯಾ? ಚುಕ್ಕೆ ಇಡೋದಲ್ವಾ?"

"ಕಾರಣ ಕೇಳಿದಾರಲ್ಲ ಮೇಡಂ."

ಅವರು ಬಗ್ಗಿ ಓದಿದರು. "ಇದಕ್ಕೆ ನಿನ್ನನ್ನ ಕರೆದು ಕೇಳ್ತಾರೆ, ಗೊತ್ತಲ್ವಾ? ಕೆಲಸಕ್ಕೂ ಸಂಚಕಾರ ಬರಬಹುದು."

"ಕೇಳಲಿ ಮೇಡಂ. ಉತ್ತರ ಇದೆ."

ಅವರು ಅಳಿಸಲಿಲ್ಲ, ಹೊಗಳಲೂ ಇಲ್ಲ. ಕುರ್ಚಿಗೆ ವಾಪಸ್ಸು ಹೋದರು. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆಯವನು ನನ್ನ ಕಡೆ ವಾಲಿ, "'ಮಬ್ಬಾಗಿದೆ, ಸರಿಯಾಗಿ ಕಾಣ್ತಿಲ್ಲ' ಅಂತ ಬರೆದ್ರೆ ನಡೆಯುತ್ತಾ?" ಎಂದು ಪಿಸುಗುಟ್ಟಿದ. "ನಡೆಯುತ್ತೆ" ಎಂದೆ. ಬಿಕ್ಕುತ್ತಾ ಒಂದೊಂದೇ ಅಕ್ಷರ ಒತ್ತಿದ.

ನನ್ನ ಪಾಳಿ ಐದಕ್ಕೆ ಮುಗಿಯುತ್ತದೆ, ನಾಟಕಕ್ಕೆ ಮೊದಲೇ ಇದನ್ನು ನಿಮ್ಮ ಕೈಗೆ ಕೊಡುತ್ತೇನೆ. ಓದಿದ ಕೂಡಲೇ ಗೇಟಿನವರಿಗೆ ಹೇಳಿ, ನನಗೆ ಮುಂದಿನ ಸಾಲು ಬೇಡ. ಕೊನೆಯ ಸಾಲು ಸಾಕು, ಕಿವುಡನ ಪಕ್ಕದಲ್ಲಿ. ನಾಟಕ ಮುಗಿದ ಮೇಲೆ ಮುಖ ತೊಳೆದುಬಿಡಬೇಡಿ. ಎಣ್ಣೆಬಟ್ಟೆ ನನ್ನ ಕೈಗೇ ಕೊಡಿ.

ಏನು ಬರೆದೆ ಎಂದು ಕೇಳುತ್ತೀರಲ್ಲ. ಇಷ್ಟೇ:

"ಇವರು ಕೆಂಗಣ್ಣನಲ್ಲ. ಆ ಪಾತ್ರ ಮಾಡುವ ನಟ. ಮಾತಾಡುವ ಮೊದಲು ಎಡಗಿವಿ ಮುಟ್ಟಿಕೊಳ್ಳುತ್ತಾರೆ. ನನಗೆ ಗೊತ್ತು, ನನ್ನ ದೊಡ್ಡಪ್ಪ."

ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ನಿಮ್ಮ ಪಿಟೀಲು